ಬಲದಂಚಿನಲ್ಲಿ ನಿಂತವನು

ಚೆಂಡು ಗಾಳಿಯಲ್ಲಿತ್ತು. ಅದನ್ನು ಹಿಡಿಯಬೇಕಾದವನು ಮೈದಾನದ ನಟ್ಟನಡುವೆ, ಯಾರ ಅಡ್ಡಿಯೂ ಇಲ್ಲದೆ, ಸಂತೆಗೆ ಹೊರಟವನ ಹಾಗೆ ಆರಾಮಾಗಿ ಓಡುತ್ತಿದ್ದ. ಅವನನ್ನು ತಡೆಯಬೇಕಾಗಿದ್ದ ಕೊನೆಯ ಕಾವಲುಗಾರ ಅಲ್ಲಿರಲಿಲ್ಲ. ಅವನು ಬಲಗಡೆಯ ಬಿಳಿ ಗೆರೆಯ ಹತ್ತಿರ ಹೋಗಿ, ಚೆಂಡಿಗೆ ಬೆನ್ನು ಹಾಕಿ, ಮೈದಾನದ ಹೊರಗೆ ಏನನ್ನೋ ನೋಡುತ್ತ ನಿಂತಿದ್ದ.

"ನೋಡ್ರಿ ವೈನಿ," ಎಂದ ಇಮ್ತಿಯಾಜ್, ತೆರೆಯ ಮೇಲಿನ ಆಟವನ್ನು ಅಲ್ಲಿಗೇ ನಿಲ್ಲಿಸಿ. "ಆಡೋ ಮಂದಿ ಇವಂಗ ಏನ್ ಹೆಸರಿಟ್ಟಾರ ಗೊತ್ತೇನು? ಬಸ್ ಸ್ಟಾಪ್. ಬಸ್ಸಿಗೆ ನಿಂತಂಗ ನಿಂತಾನಂತ."

ದಾಕ್ಷಾಯಿಣಿ ನಗಲಿಲ್ಲ. ನಗಬೇಕಾದ ಜಾಗ ಇದು ಎಂದು ಅವಳಿಗೆ ಗೊತ್ತಾಯಿತು, ಅಷ್ಟೇ.

ಈ ಆಟವನ್ನು ಹುಬ್ಬಳ್ಳಿಯಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೆ ಅದರ ಅರ್ಧ ಬುದ್ಧಿ ಹುಬ್ಬಳ್ಳಿಯಲ್ಲೇ ತಯಾರಾಗುತ್ತಿತ್ತು. ಬೇಸಿಗೆಗಳು ಮೈದಾನಗಳನ್ನು ಸುಟ್ಟುಹಾಕಿದ ಮೇಲೆ ಅಮೆರಿಕದವರ ಫುಟ್‌ಬಾಲ್ ಮನೆಯೊಳಗೆ ಬಂದುಬಿಟ್ಟಿತ್ತು. ಕಾಲಿನಿಂದ ಒದೆಯುವುದಕ್ಕಿಂತ ಕೈಯಿಂದ ಎಸೆಯುವುದೇ ಹೆಚ್ಚಾಗಿರುವ, ತತ್ತಿಯಾಕಾರದ ಚೆಂಡಿನ ಆ ಆಟವನ್ನು ಈಗ ಜಗತ್ತಿನ ಮೂಲೆಮೂಲೆಯ ಜನ ‘ನೂರು ಗಜ’ ಎಂಬ ಸಿಮ್ಯುಲೇಶನ್ನಿನಲ್ಲಿ ಆಡುತ್ತಿದ್ದರು. ದಾಳಿ ಮಾಡುವ ತಂಡ ಮನುಷ್ಯರದು. ಎದುರು ನಿಂತು ತಡೆಯುವ ಹನ್ನೊಂದು ಮಂದಿ ಯಂತ್ರದ ಮಕ್ಕಳು. ಆ ಮಕ್ಕಳಿಗೆ ತಡೆಯುವುದನ್ನು ಕಲಿಸುವುದು ಗೋಕುಲ ರಸ್ತೆಯ ಈ ಕಟ್ಟಡದ ಕೆಲಸ.

ಎಸೆದ ಚೆಂಡನ್ನು ತಡೆಯುವ ದಾರಿಗಳು ಮೂಲದಲ್ಲಿ ಎರಡೇ. ಒಂದು, ಆಳನ್ನು ಹಿಡಿಯುವುದು: ಎದುರಾಳಿ ಎಲ್ಲಿ ಓಡಿದರೆ ಅಲ್ಲಿಗೆ ನೆರಳಿನಂತೆ ಬೆನ್ನು ಹತ್ತುವುದು. ಇನ್ನೊಂದು, ಜಾಗವನ್ನು ಹಿಡಿಯುವುದು: ಮೈದಾನದ ಒಂದು ತುಂಡನ್ನು ತನ್ನದೆಂದುಕೊಂಡು, ಅದರೊಳಗೆ ಯಾರು ಬಂದರೂ ನೋಡಿಕೊಳ್ಳುವುದು, ಯಾರೂ ಬರದಿದ್ದರೂ ಬಿಟ್ಟು ಹೋಗದಿರುವುದು. ಒಳ್ಳೆಯ ತಂಡ ಎರಡನ್ನೂ ಬೆರೆಸಿ ಆಡುತ್ತದೆ. ಎಲ್ಲರ ಹಿಂದೆ, ಎಲ್ಲರಿಂದ ದೂರ ಒಬ್ಬ ನಿಲ್ಲುತ್ತಾನೆ. ಅವನಿಗೆ ಸೇಫ್ಟಿ ಎನ್ನುತ್ತಾರೆ. ಮುಂದಿನವರೆಲ್ಲ ಸೋತ ಮೇಲೆ ಉಳಿಯುವವನು. ಹೆಚ್ಚಿನ ಹೊತ್ತು ಅವನ ಬಳಿಗೆ ಯಾರೂ ಬರುವುದಿಲ್ಲ.

ನಿಯಮ ಬರೆದು ಕಲಿಸುವ ಕಾಲ ಮುಗಿದಿತ್ತು. ಈಗ ಕಲಿಸುವವನು ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು ಆಟ ನೋಡುತ್ತ ಕೂರುತ್ತಿದ್ದ. ಅವನ ಗಮನ ಎಲ್ಲಿಗೆ ಹೋಗುತ್ತದೆ, ಯಾವಾಗ ಬಿಗಿಯಾಗುತ್ತದೆ, ಯಾವಾಗ ಸಡಿಲಾಗುತ್ತದೆ ಎಂಬುದನ್ನು ಪಟ್ಟಿ ಹೀರಿಕೊಳ್ಳುತ್ತಿತ್ತು. ಜೊತೆಗೆ, ಆ ಗಳಿಗೆಯಲ್ಲಿ ತನ್ನ ಮನಸ್ಸು ಏನು ಮಾಡುತ್ತಿದೆ ಎಂಬುದನ್ನು ಅವನು ತನ್ನ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಹೇಳುತ್ತಿರಬೇಕು. ಸುಳ್ಳು ಹೇಳಬಾರದು. ಮಾತು ಗೂಟವಾದರೆ ಗಮನ ಅದಕ್ಕೆ ಕಟ್ಟಿದ ಕರು. ಹಿಡಿ. ಬಿಡು. ಹಿಂದ ಸರಿ. ಕಾಯಿ.

ಸೇಫ್ಟಿಗೆ ಕಲಿಸಿದವನು ಮಲ್ಲಿನಾಥ, ದಾಕ್ಷಾಯಿಣಿಯ ಗಂಡ. ಹೋದ ವರ್ಷ ಗದಗ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಅವಳು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಪಟ್ಟಿಗಳು ಹೀರಿದ್ದನ್ನು ಸೋಸಿ ಕೊಡುವ ಕೆಲಸದಲ್ಲಿದ್ದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಜನ ಅದನ್ನು ಧೈರ್ಯ ಎಂದರು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಗ ಮರಗಟ್ಟುವ ದವಡೆಯಂತೆ ಅವಳ ಮೈಯೆಲ್ಲ ಆಗಿತ್ತು. ಅದು ಧೈರ್ಯವಲ್ಲ ಎಂದು ಹೇಳಲು ಕೂಡ ನಾಲಗೆ ಹೊರಳುತ್ತಿರಲಿಲ್ಲ.

"ಗುರುವಾರ ಸಂಜಿಗೆ ಹೊಸ ಆವೃತ್ತಿಗೆ ಮೊಹರ್ ಬೀಳತೈತಿ," ಎಂದ ಇಮ್ತಿಯಾಜ್. ಅವನು ಈ ವಿಭಾಗದ ಮುಖ್ಯಸ್ಥ. ಮಲ್ಲಿನಾಥನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಆ ಸಲುಗೆಯಿಂದ ಅವಳನ್ನು ವೈನಿ, ಅತ್ತಿಗೆ, ಎನ್ನುತ್ತಿದ್ದವನು. "ಅಷ್ಟ್ರಾಗ ಇಂವ ನೆಟ್ಟಗ ಆಗಲಿಲ್ಲಂದ್ರ ಮಲ್ಯಾ ಕಲಿಸಿದ್ದನ್ನ ಪೂರಾ ಕಿತ್ತು ಒಗೀತಾರ. ಪೋಲಂಡಿನ ಯಾವನೋ ಕಲಿಸಿದ್ದು ಹಾಕ್ತಾರಂತ."

"ಕಿತ್ತದ್ದನ್ನ ಎಲ್ಲೆರ ಇಟ್ಟಿರ್ತಾರೇನು?"

"ಇಲ್ರಿ. ಸತ್ತವರ ಗಮನಾ ಸುಮ್ಮ ಇಟ್ಕೊಳ್ಳಾಕ ಕಾನೂನಿಲ್ಲ. ಆಟದಾಗ ಇದ್ರ ಇತ್ತು, ಇಲ್ಲಾಂದ್ರ ಮೂಲ ದಾಖಲೆನೂ ಅಳಿಸಬೇಕು." ‘ಸತ್ತವರ’ ಎಂದು ಬಾಯಿಂದ ಬಿದ್ದದ್ದಕ್ಕೆ ಅವನು ನಾಲಗೆ ಕಚ್ಚಿಕೊಂಡ. "ನೀವು ಒಲ್ಲೆ ಅಂದ್ರ ಬ್ಯಾರೆಯವರಿಗೆ ಕೊಡ್ತೀನಿ, ವೈನಿ."

"ನಾನ ಮಾಡ್ತೀನಿ," ಎಂದಳು.

ಮಲ್ಲಿನಾಥನ ದಾಖಲೆಗಳನ್ನು ತೆರೆಯುವ ಅಧಿಕಾರ ಇಡೀ ವರ್ಷ ಅವಳ ಕೈಯಲ್ಲೇ ಇತ್ತು. ಅವಳು ತೆರೆದಿರಲಿಲ್ಲ. ಅದರಲ್ಲಿ ಅವನ ಧ್ವನಿ ಇತ್ತು.

ಮನೆಯಲ್ಲಿ ಅತ್ತೆ ಚನ್ನವ್ವ ಚೀಲ ತುಂಬುತ್ತಿದ್ದರು. ಇಳಕಲ್ಲಿನಲ್ಲಿದ್ದ ಮಗಳಿಗೆ ದಿನ ತುಂಬಿತ್ತು. ಬಾಣಂತನ ಮುಗಿಸಿ ಬರುವುದೋ, ಅಲ್ಲೇ ಉಳಿಯುವುದೋ, ಅವರು ಬಾಯಿ ಬಿಟ್ಟು ಹೇಳಿರಲಿಲ್ಲ. ಚೀಲಗಳ ಗಾತ್ರವೇ ಹೇಳುತ್ತಿತ್ತು.

"ನೀನೂ ಬಾರವಾ ದಾಕ್ಷಿ. ಅಲ್ಲೆ ಕುಂತೂ ಮಾಡಾಕ ಬರತೈತೆಲ್ಲ, ನಿಂದು ಆ ತತ್ತಿ ಚೆಂಡಿನ ಕೆಲಸ?"

"ಇಲ್ರಿ ಅತ್ತಿ. ಮನಿ ಕಾಯಾಕ ಒಬ್ಬರು ಬೇಕಲ್ಲ."

ಚೀಲದ ಬಾಯಿ ಬಿಗಿಯುತ್ತಿದ್ದ ಚನ್ನವ್ವನ ಕೈ ನಿಂತಿತು.

"ಮನಿಯೇನು ಎದ್ದು ಓಡಿ ಹೋಗತೈತೇನು? ಖರೇ ಹೇಳು. ಮನಿ ಕಾಯಾಕತ್ತಿಯೋ, ಅಂವನ್ನ ಕಾಯಾಕತ್ತಿಯೋ?"

ದಾಕ್ಷಾಯಿಣಿ ಕೆಳಗೆ ಬಿದ್ದಿದ್ದ ಚೀಲದ ದಾರ ಎತ್ತಿ ಕೊಟ್ಟಳು.

"ಸಂಜಿಮುಂದ ಗೇಟ್ ಸಪ್ಪಳಾದ್ರ ಸಾಕು, ನೀ ತಲಿ ಎತ್ತತಿ. ನಾನೂ ಎತ್ತತೀನಿ. ಒಬ್ಬರ ಮಾರಿ ಒಬ್ಬರು ನೋಡತೀವಿ, ಮತ್ತ ತಲಿ ತಗ್ಗಸತೀವಿ. ಎಷ್ಟು ದಿನಾ ಇದನ್ನ ಮಾಡೂದು? ನನಗ ಆಗವಲ್ದು, ನಾ ಹೊಂಟೆ. ನೀ ಸಣ್ಣಾಕಿ, ನಿನಗ ಹೆಂಗ ಆಗತೈತಿ?"

ಅವಳು ಪಾತ್ರೆ ತೊಳೆಯಲು ಹೋದಳು. ನಲ್ಲಿ ತಿರುಗಿಸಿದಳು. ನೀರು ಪಾತ್ರೆ ತುಂಬಿ ಹೊರಗೆ ಚೆಲ್ಲಿದರೂ ಕೈ ಅಲುಗಲಿಲ್ಲ. ಅತ್ತೆಯ ಮಾತು ಅವಳಿಗೆ ತಾಗಿದ್ದು ಎದೆಗಲ್ಲ, ಬುದ್ಧಿಗೆ. ಮನೆ ಕಾಯುವುದು, ಅವನನ್ನು ಕಾಯುವುದು. ಒಂದೇ ಉಸಿರಿನಲ್ಲಿ ಒಂದೇ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಬೇರೆಯಾಗಿ ಬಂದಿತ್ತು.

ಮರುದಿನ ಬೆಳಿಗ್ಗೆ ಅವಳು ಮಲ್ಲಿನಾಥನ ಧ್ವನಿಯನ್ನು ತೆರೆದಳು.

"ಹಿಡಿ," ಎಂದ ಅವನು. "ಬಿಡು. ಬಿಡು. ಹಿಂದ ಸರಿ. ಕಾಯಿ."

ನೆಗಡಿಯಾಗಿತ್ತು ಅವನಿಗೆ. ಅದು ಯಾವ ತಿಂಗಳ ನೆಗಡಿ ಎಂದು ಕೂಡ ಅವಳಿಗೆ ನೆನಪಾಯಿತು. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೆಲಸ ಶುರು ಮಾಡಿದಳು. ಅವನು ‘ಕಾಯಿ’ ಎಂದಲ್ಲೆಲ್ಲ ಪಟ್ಟಿ ಏನನ್ನು ಹೀರಿತ್ತೋ ಅದನ್ನಷ್ಟೇ ಸೋಸಿ ತೆರೆಯ ಮೇಲೆ ಹರಡಿದಳು.

ಆ ಮಾತಿಗೊಂದು ಕಥೆಯಿತ್ತು. ಕೆಲಸದ ಮೊದಲ ವಾರದಲ್ಲೇ ಯಂತ್ರದ ನಿಘಂಟು ‘ಕಾಯಿ’ ಎಂದರೆ ತೆಂಗಿನಕಾಯಿ ಎಂದು ತಿಳಿದುಕೊಂಡಿದ್ದರಿಂದ, ಕಾವಲುಗಾರ ಚೆಂಡು ಕಂಡಲ್ಲೆಲ್ಲ ಅದನ್ನು ನೆಲಕ್ಕೆ ಕುಕ್ಕಿ ಒಡೆಯಲು ನೋಡಿದ್ದ. ಇಡೀ ಮಹಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಮಲ್ಲಿನಾಥನೇ ಅದನ್ನು ತಿದ್ದಿದ್ದ: ಕಾಯಿ ಎಂದರೆ ಜಾಗ ರಕ್ಷಿಸು. ಒಂದು ತಪ್ಪು ಸಿಕ್ಕ ಖುಷಿಯಲ್ಲಿ ಆ ಮಾತಿನ ಹೊಟ್ಟೆಯಲ್ಲಿ ‘ದಾರಿ ನೋಡು’ ಎಂಬ ಇನ್ನೊಂದು ಅರ್ಥ ಇರುವುದು ಅವನಿಗೂ ಹೊಳೆದಿರಲಿಲ್ಲ, ಉಳಿದವರಿಗೂ ಹೊಳೆದಿರಲಿಲ್ಲ. ಕನ್ನಡದವರಿಗೆ ಅದು ಎರಡು ಎಂದು ಅನ್ನಿಸುವುದೇ ಇಲ್ಲವಲ್ಲ.

ತೆರೆಯ ಮೇಲೆ ಮಾತ್ರ ಎರಡು ಗುಂಪುಗಳು ಎದ್ದು ಕಂಡವು. ಒಂದರಲ್ಲಿ ಅವನ ಕಣ್ಣು ಮೈದಾನದ ಈ ತುದಿಯಿಂದ ಆ ತುದಿಗೆ ಬೀಸಣಿಗೆಯಂತೆ ಓಡಾಡುತ್ತಿತ್ತು, ಉಸಿರು ಚುರುಕಾಗಿತ್ತು. ಅದು ಕಾವಲು. ಇನ್ನೊಂದರಲ್ಲಿ ಕಣ್ಣು ಓಡಾಡುತ್ತಿರಲಿಲ್ಲ. ತನ್ನ ಜಾಗಕ್ಕೆ ಯಾರೂ ಬರುತ್ತಿಲ್ಲ ಎಂದು ಖಾತ್ರಿಯಾದಾಗ ಗಮನ ಮೆಲ್ಲಗೆ ಬಲಕ್ಕೆ ಸರಿದು, ತೆರೆಯ ಅಂಚನ್ನೂ ದಾಟಿ, ಎಲ್ಲೋ ಹೊರಗೆ ಹೋಗಿ ನಿಂತುಬಿಡುತ್ತಿತ್ತು. ಉಸಿರು ನಿಧಾನ. ಹಾಗೆ ನಿಂತಾಗಲೂ ಅವನು, ಸುಳ್ಳು ಹೇಳಬಾರದೆಂಬ ನಿಯಮಕ್ಕೆ ತಪ್ಪದೆ, "ಕಾಯಿ" ಎಂದೇ ಹೇಳಿದ್ದ.

ಈ ಎರಡನೆಯ ಗುಂಪಿನವೆಲ್ಲ ಊಟದ ಹೊತ್ತಿನ ಸುಮಾರಿನವು.

ದಾಕ್ಷಾಯಿಣಿ ಎದ್ದು, ಮೇಲಿನ ಮಹಡಿಗೆ ಹೋಗಿ, ಅವನು ಕೂರುತ್ತಿದ್ದ ಕೋಣೆಯನ್ನು ನೋಡಿದಳು. ತೆರೆ, ಕುರ್ಚಿ, ಮೊಳೆಗೆ ತೂಗುಹಾಕಿದ ಪಟ್ಟಿ. ಕುರ್ಚಿಯಲ್ಲಿ ಕೂತಳು. ಬಲಗಡೆ ಗಾಜಿನ ಬಾಗಿಲು.

ಆ ಬಾಗಿಲಿನಿಂದ ಬುತ್ತಿ ಹಿಡಿದು ಬರುತ್ತಿದ್ದವಳು ಅವಳೇ. ದಿನಾ ತಡವಾಗುತ್ತಿತ್ತು. ಕೈಲಿದ್ದ ಕೆಲಸ ಮುಗಿಸಿಯೇ ಏಳುವ ಚಟ ಅವಳಿಗೆ. "ಹಸಿವಿ ಆಗಿತ್ತೇನು?" ಎಂದರೆ ಅವನು, "ಏ, ಇಲ್ಲ ಬಿಡ, ನನಗ ಲಕ್ಷ್ಯನ ಇರಲಿಲ್ಲ," ಎನ್ನುತ್ತಿದ್ದ. ಹೆಚ್ಚು ಮಾತಿನವನಲ್ಲ. ಆ ಮಾತನ್ನು ಅವಳು ನಂಬಿದ್ದಳು. ಆಟದಲ್ಲಿ ಮುಳುಗಿದರೆ ಇವನಿಗೆ ಹೆಂಡತಿಯೂ ಬೇಡ, ರೊಟ್ಟಿಯೂ ಬೇಡ ಎಂದು ಸ್ವಲ್ಪ ಬೇಜಾರೂ ಮಾಡಿಕೊಂಡಿದ್ದಳು.

ಎಲ್ಲೋ ಹೊರದೇಶದಲ್ಲಿ ಕೂತು ಆಡುವವರು ಬಸ್ ಸ್ಟಾಪ್ ಎಂಬ ಹೆಸರನ್ನು ಸರಿಯಾಗಿಯೇ ಇಟ್ಟಿದ್ದರು.

"ಸಿಕ್ತಲ್ರಿ ರೋಗ!" ಎಂದು ಇಮ್ತಿಯಾಜ್ ಮೇಜು ಗುದ್ದಿದ. "ಎರಡನೇ ಕಾಯಿ ಕಿತ್ತು ಬಿಡ್ರಿ, ಮುಗೀತು."

"ಕೀಳಾಕ ಬರಂಗಿಲ್ಲ. ಕಲಸಿದ ಚಾದಾಗಿಂದ ಸಕ್ಕರಿ ತೆಗೀತೀರೇನು?"

ಪಟ್ಟಿ ಕಲಿಸಿದ್ದನ್ನು ಬಿಡಿಬಿಡಿಯಾಗಿ ತೆಗೆಯಲು ಸಾಧ್ಯವಿರಲಿಲ್ಲ. ಪೂರಾ ಅಳಿಸಬಹುದು, ಇಲ್ಲ, ಅದರ ಮೇಲೆ ಇನ್ನಷ್ಟು ಕಲಿಸಬಹುದು. ಅವಳು ಕಾಯುವಿಕೆಯ ಆ ತುಣುಕುಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಎಲ್ಲವೂ ಒಂದೇ ಕಡೆ ತುಂಡಾಗುತ್ತಿದ್ದವು. ಬಾಗಿಲು ತೆರೆದ ಸಪ್ಪಳ ಕೇಳಿದ ಕೂಡಲೇ ಅವನು ಪಟ್ಟಿ ಬಿಚ್ಚಿ ಎದ್ದುಬಿಡುತ್ತಿದ್ದ. ಕಾಯುವುದು ಯಂತ್ರಕ್ಕೆ ಗೊತ್ತಿತ್ತು. ಕಾಯುವುದು ಮುಗಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಬಲದಂಚಿಗೆ ಹೋದವನು ತಿರುಗಿ ಬಾರದೆ ಇದ್ದದ್ದು ಅದಕ್ಕೆ.

"ಹಂಗಾದ್ರ ಮುಗಿಯೂದನ್ನ ಕಲಿಸಬೇಕು," ಎಂದಳು. "ಅದ ಕುರ್ಚಿ, ಅದ ಮಾತು. ಬಾಗಲಾ ನೋಡಕೋತ ಕಾಯಬೇಕು, ಆಮ್ಯಾಲೆ ಮನಸ್ಸು ತಿರುಗಿ ಮೈದಾನಕ್ಕ ಬರಬೇಕು."

ಮೊದಲು ಇಮ್ತಿಯಾಜ್ ಕೂತ. ಬಹಳ ಗಂಭೀರವಾಗಿ ಬಾಗಿಲು ನೋಡಿದ, "ಕಾಯಿ" ಎಂದ, ಆಮೇಲೆ "ಸಾಕು" ಎಂದ. ಓಡಿಸಿ ನೋಡಿದರೆ ಕಾವಲುಗಾರ ಬಲದಂಚಿಗೆ ಹೋಗಿ ಅಲ್ಲೇ ಹಿಂದೆ ಮುಂದೆ ಅಡ್ಡಾಡತೊಡಗಿದ.

"ನಾ ಚಾದಂವನ ಹಾದಿ ನೋಡಾಕತ್ತಿದ್ದೆ," ಎಂದು ಇಮ್ತಿಯಾಜ್ ಒಪ್ಪಿಕೊಂಡ. "ಬ್ಯಾರೆ ಯಾರನ್ನ ಕಾಯಲಿ ವೈನಿ? ನನಗ ಮನಿಯಾಗನ ಎಲ್ಲಾರೂ ಅದಾರ."

ಅಂದು ಬಿಟ್ಟು ಅವನು ಅವಳ ಮುಖ ನೋಡಿದ, ನೆಲ ನೋಡಿದ. ಆಮೇಲೆ ಮೊಳೆಯಿಂದ ಪಟ್ಟಿ ತೆಗೆದು ಅವಳ ಕೈಗೆ ಕೊಟ್ಟು ಹೊರಗೆ ಹೋದ.

ಪಟ್ಟಿಗೆ ಅವಳ ತಲೆ ಸಣ್ಣದಾಯಿತು. ಬಿಗಿ ಮಾಡಿಕೊಂಡಳು. ತೆರೆಯ ಮೇಲೆ ಆಟ ಶುರುವಾಯಿತು. ಸೇಫ್ಟಿಯ ಜಾಗಕ್ಕೆ ಯಾರೂ ಬರಲಿಲ್ಲ. ಅವಳು ಬಾಗಿಲು ನೋಡಿದಳು. "ಕಾಯಿ," ಎಂದಳು. ಅದನ್ನು ಕಲಿಯುವ ಅಗತ್ಯ ಅವಳಿಗೆ ಇರಲಿಲ್ಲ. ಗಾಜಿನಾಚೆ ಖಾಲಿ ಹಾದಿ. ಆಮೇಲೆ ತೆರೆಯ ಕಡೆಗೆ ತಿರುಗಿ, "ಸಾಕು," ಎಂದಳು.

ಕಾವಲುಗಾರ ನಡುವಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದ. ನಿಂತ. ತಿರುಗಿ ಬಲದಂಚಿಗೆ ಹೋದ, ಮೊದಲಿಗಿಂತ ಗೆರೆಗೆ ಹತ್ತಿರ.

ಮತ್ತೆ ಮಾಡಿದಳು. ಕತ್ತನ್ನು ತಿರುಗಿಸಿದಳು, ಕಣ್ಣನ್ನು ತಿರುಗಿಸಿದಳು, ಮಾತನ್ನು ಗಟ್ಟಿಯಾಗಿ ಹೇಳಿದಳು. ಪಟ್ಟಿಗೆ ಅದೊಂದೂ ಬೇಕಿರಲಿಲ್ಲ. ಮನಸ್ಸು ಬಾಗಿಲಲ್ಲೇ ಇದ್ದರೆ ಬಾಗಿಲಲ್ಲೇ ಇದೆ ಎಂದು ಅದು ಹೇಳುತ್ತಿತ್ತು. ಬುಧವಾರ ಸಂಜೆಯ ಹೊತ್ತಿಗೆ ಕಾವಲುಗಾರ ಆಟ ಶುರುವಾದ ಕೂಡಲೇ ಬಲದಂಚಿಗೆ ಓಡತೊಡಗಿದ್ದ. ಮಲ್ಲಿನಾಥನ ಕಾಯುವಿಕೆಯ ಮೇಲೆ ಅವಳದೂ ಸೇರಿ ದುಪ್ಪಟ್ಟಾಗಿತ್ತು. ತಾವಿಬ್ಬರೂ ಕೂರುವ ಮುಂಚೆ ತೆಗೆದಿಟ್ಟಿದ್ದ ಪ್ರತಿಯನ್ನೇ ಮತ್ತೆ ಹಾಕಿ ಇಮ್ತಿಯಾಜ್ ಹೇಳಿದ: "ನಾಳೆ ಒಂದ ಸಲ ನೋಡೂಣು. ಆಗಲಿಲ್ಲಂದ್ರ ಬಿಟ್ಟುಬಿಡ್ರಿ ವೈನಿ. ಮಲ್ಯಾ ನಿಮಗೇನೂ ಅನ್ನಂಗಿಲ್ಲ."

ಹೌದು, ಅವನು ಏನೂ ಅನ್ನುವುದಿಲ್ಲ. ತೊಂದರೆಯೇ ಅದು.

ಗುರುವಾರ ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಕೂತಾಗ ಏನೂ ಗಟ್ಟಿ ಮನಸ್ಸು ಮಾಡಿರಲಿಲ್ಲ. ಆಟ ಶುರುವಾಯಿತು. ಮೈದಾನದ ಎಡಭಾಗದಲ್ಲಿ ಗದ್ದಲ. ಕೊನೆಯವನ ಜಾಗ ಖಾಲಿ. ಗಮನ ತಾನಾಗಿಯೇ ಬಲಕ್ಕೆ ಸರಿಯಿತು. ಸಂಜೆಗೆ ಇದೂ ಹೋಗುತ್ತದೆ ಎಂದುಕೊಂಡಳು. ಅವನು ತನ್ನನ್ನು ಹೀಗೆ ಕಾಯುತ್ತಿದ್ದ ಎನ್ನುವುದಕ್ಕೆ ಇದ್ದ ಒಂದೇ ಗುರುತು ಹೋಗುತ್ತದೆ.

"ಕಾಯಿ," ಎಂದಳು.

ಗಾಜಿನಾಚೆ ಒಂದು ನೆರಳು ಬಂತು.

ಆ ಒಂದು ಗಳಿಗೆ ಅವಳಿಗೆ ವರ್ಷ ಗೊತ್ತಿರಲಿಲ್ಲ, ತಾನು ಕುರ್ಚಿಯಲ್ಲಿರುವವಳೋ ಬುತ್ತಿ ಹಿಡಿದು ಬರುವವಳೋ ಎಂಬುದೂ ಗೊತ್ತಿರಲಿಲ್ಲ. ಬಾಗಿಲು ತೆರೆಯಿತು.

ಚನ್ನವ್ವ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗಿನ ತುದಿ. ಮೆಟ್ಟಿಲು ಹತ್ತಿ ಏದುಸಿರು. ಮಗ ಹೋದ ಮೇಲೆ ಈ ಕಟ್ಟಡದ ಕಡೆ ಮುಖ ಹಾಕುವುದಿಲ್ಲ ಎಂದಿದ್ದವರು.

ಬಾಗಿಲಲ್ಲಿ ನಿಂತು ಅವರು ಕುರ್ಚಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಅವರ ಮುಖದ ಮೇಲೆ ಏನೋ ಬಂದು ಹೋಯಿತು. ಅದು ಏನೆಂದು ದಾಕ್ಷಾಯಿಣಿಗೆ ಚೆನ್ನಾಗಿ ಗೊತ್ತಿತ್ತು. ಅವರೂ ಆ ಕುರ್ಚಿಯಲ್ಲಿ ಇನ್ನೊಬ್ಬರನ್ನು ಹುಡುಕಿದ್ದರು, ಇವಳು ಸಿಕ್ಕಿದ್ದಳು.

ತಾನು ಕಾದದ್ದು ಬರಲಿಲ್ಲ. ಬಂದದ್ದು ಈ ಮುದುಕಿ, ಬೆವರುತ್ತಿದ್ದಾಳೆ, ನೀರು ಬೇಕಾಗಿದೆ.

"ಬಂದ್ರು," ಎಂದಳು ದಾಕ್ಷಾಯಿಣಿ. ‘ಸಾಕು’ ಎನ್ನಬೇಕಾದಲ್ಲಿ ಬಾಯಿಗೆ ಬಂದದ್ದು ಅದು.

"ಯಾರ್ ಬಂದ್ರು?"

"ನೀವ, ಅತ್ತಿ. ಕುಂಡ್ರರಿ. ನೀರು ಕುಡೀರಿ."

"ಕುಂಡ್ರಾಕ ಹೊತ್ತಿಲ್ಲವಾ, ಬಸ್ ಬಿಡತೈತಿ." ಚನ್ನವ್ವ ಸೆರಗಿನ ಗಂಟು ಬಿಚ್ಚಿ ಮನೆಯ ಕೀಲಿ ತೆಗೆದರು. "ಬಾಜೂ ಮನಿಯವ್ರ ಕಡೆ ಕೊಡಬೇಕಂದೆ. ಮನಸ್ಸು ಬರಲಿಲ್ಲ. ನಿನ್ನ ಕೈಯಾಗ ಕೊಟ್ಟು ಹೋಗಬೇಕು ಅನ್ನಿಸ್ತು."

ಕೀಲಿ ಬೆಚ್ಚಗಿತ್ತು. ದಾಕ್ಷಾಯಿಣಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಭ್ಯಾಸಬಲದಿಂದ ತೆರೆಯ ಕಡೆ ತಿರುಗಿದಳು. ಆಟ ಇನ್ನೂ ನಡೆದಿತ್ತು. ಯಾರೋ ಚೆಂಡು ಎಸೆಯಲು ಕೈ ಎತ್ತಿದ್ದ. "ಹಿಂದ ಸರಿ," ಎಂದಳು, ಯೋಚಿಸದೆ. "ಹಿಡಿ."

ಹಾಗೆ ಹೇಳಿದ್ದನ್ನು ಅವಳು ಮರೆತೇಬಿಟ್ಟಳು. ಪಟ್ಟಿ ಬಿಚ್ಚಿಟ್ಟು ಅತ್ತೆಯ ಚೀಲ ಎತ್ತಿಕೊಂಡು ಕೆಳಗಿಳಿದಳು. ನಿಲ್ದಾಣದಲ್ಲಿ ಇಬ್ಬರೂ ನಿಂತರು. ಬಸ್ಸು ಬಂದಾಗ ಚನ್ನವ್ವ ಅವಳ ಗದ್ದ ಹಿಡಿದು, "ರೊಟ್ಟಿ ಗಂಗಾಳದಾಗ ಮುಚ್ಚಿಟ್ಟೀನಿ. ಒಣಗಿ ಕಟಕ್ ಆಗಾಕ ಬಿಡಬ್ಯಾಡ, ಇವತ್ತ ತಿನ್ನು," ಎಂದರು. ಕಿಟಕಿಯಿಂದ ಕೈ ಬೀಸಲಿಲ್ಲ. ಆ ಮನೆತನದಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ.

ಮರಳಿ ಬಂದಾಗ ಇಮ್ತಿಯಾಜ್ ಹಾದಿಯಲ್ಲೇ ನಿಂತಿದ್ದ. "ಬಸ್ ಬಂತು ನೋಡ್ರಿ ವೈನಿ!" ಎಂದು ಕೂಗಿದ.

"ಹೋತು," ಎಂದಳು. "ಕಳಿಸಿ ಬಂದೆ."

"ಆ ಬಸ್ಸಲ್ರಿ! ಇಲ್ಲಿ ಬರ್ರಿ, ಇವನ ಬಸ್ಸು."

ತೆರೆಯ ಮೇಲೆ ಕಾವಲುಗಾರ ತನ್ನ ಜಾಗ ಖಾಲಿಯೆಂದು ಕಂಡು ಬಲಕ್ಕೆ ಸರಿದ. ಬಿಳಿ ಗೆರೆಯ ಹತ್ತಿರ ನಿಂತು ಹೊರಗೆ ನೋಡಿದ. ಭುಜಗಳು ಒಮ್ಮೆ ಏರಿ ಇಳಿದವು. ಆಮೇಲೆ ತಿರುಗಿ, ಮೊದಲು ಮೆಲ್ಲಗೆ, ಆಮೇಲೆ ಓಡುತ್ತ, ನಡುವಿಗೆ ಬಂದ. ಬರುತ್ತಿದ್ದ ಚೆಂಡಿನ ಕೆಳಗೆ ಹೋಗಿ ಅದನ್ನು ಹೊಡೆದು ಕೆಡವಿದ.

"ಹತ್ತು ಸಲ ಓಡಿಸಿದೆ. ಹತ್ತೂ ಸಲ ತಿರುಗಿ ಬಂದಾನ. ಮಲ್ಯಾ ಉಳಕೊಂಡ ವೈನಿ!" ಇಮ್ತಿಯಾಜನ ಕಣ್ಣಲ್ಲಿ ನೀರಿತ್ತು. ಅವನು ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ದಾಕ್ಷಾಯಿಣಿ ಇನ್ನೊಮ್ಮೆ ಓಡಿಸಲು ಹೇಳಿದಳು. ಬಲಕ್ಕೆ ಸರಿದವನು ಮಲ್ಲಿನಾಥ. ನಿಂತವನೂ ಅವನೇ, ಕತ್ತು ಆ ಕಡೆ ಸ್ವಲ್ಪ ವಾಲಿತ್ತು. ತಿರುಗಿ ಬಂದವನು ಅವನಲ್ಲ. ಮಲ್ಲಿನಾಥನಿಗೆ ತಿರುಗುವ ಪ್ರಸಂಗವೇ ಬಂದಿರಲಿಲ್ಲ. ಎಷ್ಟೇ ತಡವಾದರೂ ಅವನು ಕಾದದ್ದು ಪ್ರತಿ ದಿನವೂ ಬಂದಿತ್ತು. ಈ ತಿರುಗುವಿಕೆ ಅವಳದು. ಕಾವಲುಗಾರನ ಒಂದೇ ಮೈಯಲ್ಲಿ ಅವರಿಬ್ಬರೂ ಹೀಗೆ, ಒಬ್ಬರ ಹಿಂದೆ ಒಬ್ಬರು, ಯಾವತ್ತೂ ಭೇಟಿಯಾಗದೆ ಇರುತ್ತಾರೆ.

ಸಂಜೆ ಮೊಹರು ಬಿತ್ತು. ಯಾರೋ ಪೇಢೆ ಹಂಚಿದರು. ಅವಳು ಒಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು, ಮನೆಗೆ ಒಯ್ಯಲೆಂದು. ಮನೆಯಲ್ಲಿ ಈಗ ಯಾರಿದ್ದಾರೆ ಎಂಬ ಪ್ರಶ್ನೆ ದಾರಿಯಲ್ಲಿ ಹೊಳೆಯಿತು.

ಕೀಲಿ ತಿರುಗಿಸಿ ಒಳಗೆ ಬಂದಳು. ಗಂಗಾಳದ ಮುಚ್ಚಳ ತೆಗೆದಳು. ಪಲ್ಯ ಬಿಸಿ ಮಾಡಲು ಒಲೆ ಹಚ್ಚುತ್ತಿದ್ದಾಗ ಗೇಟಿನ ಸಪ್ಪಳವಾಯಿತು.

ತಲೆ ಎತ್ತಿದಳು. ಎದುರಿಗೆ ಜೊತೆಯಲ್ಲಿ ತಲೆ ಎತ್ತುವವರು ಇರಲಿಲ್ಲ. ಸಪ್ಪಳ ಬಾಜೂ ಮನೆಯದು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಬಾಗಿಲಿನ ತನಕ ಹೋದಳು. ಹೊಸ್ತಿಲ ಈಚೆ ನಿಂತು ಅಂಗಳ ನೋಡಿದಳು, ತುಸು ಹೊತ್ತು.

"ಕಾಯಿ," ಎಂದಳು ಗಟ್ಟಿಯಾಗಿ. ಎರಡರಲ್ಲಿ ಯಾವುದು ಎಂದು ಕೇಳಲು ಅಲ್ಲಿ ಯಂತ್ರವಿರಲಿಲ್ಲ.

ಆಮೇಲೆ ತಿರುಗಿ ಒಲೆಯ ಹತ್ತಿರ ಬಂದಳು. ಪಲ್ಯ ತಳ ಹಿಡಿಯುತ್ತಿತ್ತು.